ಪುಣ್ಯಬಾವಿಗಳ ನಾಡಿನಲ್ಲಿ ಒಂದು ಸುತ್ತು



ಹಳೆಯ ಇಂಗ್ಲಿಷ್ ಹಾಡುಗಳನ್ನು ಕೇಳುವ ಅಭ್ಯಾಸ ನಿಮಗಿದ್ದರೆ ‘ಟಿಪ್ಪರರಿ’ ಎಂಬ ಊರಿನ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಆ ಊರಿನ ಮೇಲಿನ ಹಾಡು ಹುಟ್ಟಿದ್ದು 1912ರಲ್ಲಿ. ಎರಡೇ ವರ್ಷಕ್ಕೆ ಮೊದಲನೇ ಮಹಾಯುದ್ಧ ಶುರುವಾಯಿತು, ಸಿಪಾಯಿಗಳು ಅದನ್ನೇ ಹಾಡಿಕೊಂಡು ರಣರಂಗಕ್ಕೆ ನಡೆದರು. ಲಂಡನ್ನಿಗೆ ಬಂದ ಐರ್ಲೆಂಡಿನ ಹುಡುಗನೊಬ್ಬ ತನ್ನೂರನ್ನು ನೆನೆಯುವ ಹಾಡು ಅದು. ಸರಿ, ಟಿಪ್ಪರರಿ ಅಂದರೆ ಏನು? ಐರಿಶ್ ಭಾಷೆಯ ‘ತಿಬ್ರಿದ್ ಆರನ್’ ಎಂಬ ಹೆಸರು ಇಂಗ್ಲಿಷಿನವರ ಬಾಯಲ್ಲಿ ಸವೆದು ಹಾಗಾಗಿದೆ. ಅದರ ಅರ್ಥ ‘ಆರಾ ಹೊಳೆಯ ಸೀಮೆಯ ಬಾವಿ’. ಲಕ್ಷಾಂತರ ಸಿಪಾಯಿಗಳು, ಗೊತ್ತೋ ಗೊತ್ತಿಲ್ಲದೆಯೋ, ಒಂದು ಬಾವಿಯ ಹೆಸರನ್ನು ಹಾಡುತ್ತಾ ಸಾವಿನ ಕಡೆಗೆ ಹೆಜ್ಜೆ ಹಾಕಿದ್ದರು!

ಐರ್ಲೆಂಡಿನ ನಕಾಶೆ ಬಿಡಿಸಿದರೆ ಬಾವಿಯ ಹೆಸರಿನ ಊರುಗಳು ಬೇಕಾದಷ್ಟು ಸಿಗುತ್ತವೆ. ಬಾವಿಗೆ ಅವರಲ್ಲಿ ‘ತೊಬರ್’ ಎಂಬ ಇನ್ನೊಂದು ಮಾತೂ ಇದೆ. ಬ್ಯಾಲಿನ್‌ಟೋಬರ್ ಎಂದರೆ ಅಚ್ಚ ಕನ್ನಡದಲ್ಲಿ ‘ಬಾವಿಯೂರು’. ಇವುಗಳಲ್ಲಿ ಪುಣ್ಯಬಾವಿ ಎನ್ನಿಸಿಕೊಂಡವು, ಅಂದರೆ ಒಬ್ಬ ಸಂತನ ಹೆಸರು, ಒಂದು ಹಬ್ಬದ ದಿನ, ಒಂದು ಕಾಯಿಲೆಗೆ ಗುಣ ಎಂಬ ನಂಬಿಕೆ ಇವಿಷ್ಟನ್ನು ಹೊತ್ತವು, ಸುಮಾರು 3,000 ಇವೆ ಎಂಬುದು ವಾಡಿಕೆಯ ಲೆಕ್ಕ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಚಿಕ್ಕ ದ್ವೀಪಕ್ಕೆ ಇದು ಕಡಿಮೆಯೇನಲ್ಲ.

ಬಾವಿ ಎಂದ ಕೂಡಲೇ ರಾಟೆ, ಹಗ್ಗ, ಕೊಡ ಎಲ್ಲ ನಿಮ್ಮ ಕಣ್ಮುಂದೆ ಬರಬಹುದು. ಅದನ್ನೆಲ್ಲ ಮರೆತುಬಿಡಿ. ಅಲ್ಲಿಯದು ಬಹುಮಟ್ಟಿಗೆ ಒರತೆ. ಹಸಿರು ಹೊಲದ ಮೂಲೆಯಲ್ಲೋ ಬೆಟ್ಟದ ಬುಡದಲ್ಲೋ ನೆಲದಿಂದ ತಾನಾಗಿ ಜಿನುಗುವ ನೀರು, ಸುತ್ತ ನಾಲ್ಕು ಕಲ್ಲು, ಪಕ್ಕದಲ್ಲಿ ಒಂದು ಮುಳ್ಳುಮರ. ಬಗ್ಗಿ ಬೊಗಸೆಯಲ್ಲಿ ಎತ್ತಿಕೊಳ್ಳುವಷ್ಟೇ ಆಳ. ಗೊತ್ತಿಲ್ಲದವರು ಪಕ್ಕದಲ್ಲೇ ನಡೆದು ಹೋದರೂ ಗಮನಿಸುವುದಿಲ್ಲ.

ಗೊತ್ತಿರುವವರು ಏನು ಮಾಡುತ್ತಾರೆ? ವಾಯವ್ಯದ ಡೊನಿಗಾಲ್ ಕೌಂಟಿಯ ಡೂನ್ ಬಾವಿಗೆ ಹೋಗೋಣ ಬನ್ನಿ. ಮೊದಲು ಚಪ್ಪಲಿ, ಬೂಟು ಬಿಡಬೇಕು. ಆ ಚಳಿದೇಶದಲ್ಲಿ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು ಸಣ್ಣ ಹರಕೆಯಲ್ಲ. ಆಮೇಲೆ ಇಷ್ಟಿಷ್ಟು ಪ್ರಾರ್ಥನೆ ಎಂಬ ಲೆಕ್ಕವಿದೆ. ನೀರು ಕುಡಿದು, ಮನೆಯಲ್ಲಿ ಮಲಗಿದವರಿಗೆಂದು ಬಾಟಲಿಯಲ್ಲಿ ತುಂಬಿಸಿಕೊಳ್ಳುತ್ತಾರೆ. ಪಕ್ಕದ ಪೊದೆಯ ತುಂಬ ಬಟ್ಟೆಯ ಚೂರು, ರಿಬ್ಬನ್, ಕರವಸ್ತ್ರ, ಜಪಮಾಲೆ. ಕಾಲು ನೆಟ್ಟಗಾದವರು ತಮ್ಮ ಊರುಗೋಲನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದರಂತೆ. ಬಾವಿಯ ಹಿಂದೆಯೇ ಡೂನ್ ಬಂಡೆ ಎದ್ದು ನಿಂತಿದೆ. ಓಡಾನೆಲ್ ವಂಶದ ದೊರೆಗಳಿಗೆ ಒಂದು ಕಾಲದಲ್ಲಿ ಪಟ್ಟ ಕಟ್ಟುತ್ತಿದ್ದದ್ದು ಅದರ ಮೇಲೆ. ದೊರೆಗಳು ಹೋದರು, ರಾಜ್ಯ ಹೋಯಿತು. ಬಾವಿಯ ಬಳಿ ಬೂಟು ಬಿಚ್ಚುವವರು ಮಾತ್ರ ಇದ್ದಾರೆ.

ಪೊದೆಗೆ ಬಟ್ಟೆ ಕಟ್ಟುವುದಕ್ಕೂ ಒಂದು ತರ್ಕವಿದೆ. ನೋವಿರುವ ಜಾಗಕ್ಕೆ ಬಟ್ಟೆ ಸವರಿ, ನೀರಲ್ಲಿ ಅದ್ದಿ, ಕೊಂಬೆಗೆ ಕಟ್ಟಬೇಕು. ಮಳೆಗೆ ಗಾಳಿಗೆ ಅದು ಕೊಳೆಯುತ್ತ ಹೋದ ಹಾಗೆ ಕಾಯಿಲೆಯೂ ಕರಗುತ್ತದೆ. ಹಾಗಾಗಿ ಹತ್ತಿ, ಉಣ್ಣೆ, ನಾರಿನ ಬಟ್ಟೆಯೇ ಆಗಬೇಕು. ಇತ್ತೀಚೆಗೆ ಜನ ಪ್ಲಾಸ್ಟಿಕ್ಕನ್ನೂ ಸಿಂಥೆಟಿಕ್ ಬಟ್ಟೆಯನ್ನೂ ಕಟ್ಟತೊಡಗಿದ್ದಾರೆ. ಅದು ಕೊಳೆಯುವುದಿಲ್ಲ, ಕೊಂಬೆಯ ಕುತ್ತಿಗೆ ಹಿಸುಕುತ್ತದೆ. ಹಳೆಯ ಲೆಕ್ಕದ ಪ್ರಕಾರ ಕಾಯಿಲೆಯೂ ಎಲ್ಲಿಗೂ ಹೋಗುವಂತಿಲ್ಲ, ಅಲ್ವೇ?

ಇನ್ನು ಮುಖ್ಯ ವಿಧಿ: ಸುತ್ತು. ಬಾವಿಯ ಸುತ್ತ ಮೂರು, ಏಳು, ಒಂಬತ್ತು, ಹೀಗೆ ಒಂದೊಂದು ಕಡೆ ಒಂದೊಂದು ಸಂಖ್ಯೆ. ಲೆಕ್ಕ ತಪ್ಪದಿರಲೆಂದು ಕೈಯಲ್ಲಿ ಬೆಣಚುಕಲ್ಲು ಹಿಡಿದು, ಸುತ್ತಿಗೊಂದರಂತೆ ಹಾಕುತ್ತಾರೆ. ಡೊನಿಗಾಲ್ ಕಡೆ ಇದಕ್ಕೆ ‘ಟುರಸ್’ ಎನ್ನುತ್ತಾರೆ, ಅಂದರೆ ಪಯಣ. ಎಷ್ಟೇ ಸುತ್ತಿದ್ದರೂ ದಿಕ್ಕು ಒಂದೇ. ಸೂರ್ಯ ಚಲಿಸುವಂತೆ, ಬಾವಿ ನಮ್ಮ ಬಲಗೈ ಕಡೆಗೆ ಇರುವಂತೆ. ಈ ದಿಕ್ಕಿಗೆ ಐರಿಶ್‌ನಲ್ಲಿ ‘ದೆಶಲ್’ ಎಂದು ಹೆಸರು.

ಕನ್ನಡ ಬಿ.ಎ. ಓದಿದವಳಾದ್ದರಿಂದ ಈ ಪದದ ಬಳಿ ಸ್ವಲ್ಪ ನಿಲ್ಲುತ್ತೇನೆ, ಬೇಸರಿಸಬೇಡಿ. ದೆಶಲ್ ಬಂದಿರುವುದು ಹಳೆಯ ಐರಿಶ್‌ನ ‘ದೆಸ್’ ಎಂಬ ಮಾತಿನಿಂದ. ದೆಸ್ ಎಂದರೆ ಬಲಗಡೆ; ದೆಸ್ ಎಂದರೆ ದಕ್ಷಿಣ ದಿಕ್ಕೂ ಹೌದು. ಮೂಡಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಇರುವುದು ತೆಂಕಣಕ್ಕೆ ತಾನೇ? ಸಂಸ್ಕೃತದ ‘ದಕ್ಷಿಣ’ಕ್ಕೂ ಇದೇ ಎರಡು ಅರ್ಥ. ಭಾಷಾಶಾಸ್ತ್ರಜ್ಞರು ದೆಸ್ ಮತ್ತು ದಕ್ಷಿಣ ಎರಡನ್ನೂ ಒಂದೇ ಬೇರಿನ ಪದಗಳೆಂದು ಗುರುತಿಸಿದ್ದಾರೆ. ಅಂದರೆ ನಮ್ಮ ‘ಪ್ರದಕ್ಷಿಣೆ’ಯೂ ಅವರ ‘ದೆಶಲ್’ ಕೂಡ ದೂರದ ದಾಯಾದಿಗಳು. ಕನ್ನಡ ಬೇರೆ ಕುಟುಂಬದ ಭಾಷೆ, ಪ್ರದಕ್ಷಿಣೆ ನಮಗೆ ಸಂಸ್ಕೃತದಿಂದ ಬಂದ ಮಾತು. ಆದರೆ ನಮ್ಮ ಹಳಗನ್ನಡದಲ್ಲಿ ‘ಬಲಗೊಳ್’ ಎಂಬ ಅಪ್ಪಟ ಕ್ರಿಯಾಪದವಿದೆ, ಅರ್ಥ ಅದೇ: ಬಲಕ್ಕಿಟ್ಟುಕೊಂಡು ಸುತ್ತು ಬರುವುದು. ಪದಗಳು ನೆಂಟರೆಂದ ಮಾತ್ರಕ್ಕೆ ಆಚಾರ ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು ಎಂದು ಹೇಳಲು ಬರುವುದಿಲ್ಲ. ಆ ಉತ್ಸಾಹವನ್ನು ಸ್ವಲ್ಪ ತಡೆದುಕೊಳ್ಳೋಣ.

ಎಡಕ್ಕೆ ಸುತ್ತಿದರೆ ಏನಾಗುತ್ತದೆ ಎಂಬುದಕ್ಕೂ ಅವರಲ್ಲಿ ಕಥೆಯಿದೆ. ಸೆಗೈಸ್ ಎಂಬ ಜ್ಞಾನದ ಬಾವಿ. ಅದರ ಸುತ್ತ ಒಂಬತ್ತು ಹೇಜಲ್ ಮರಗಳು. ಅದರ ಕಾಯಿಗಳು ನೀರಿಗೆ ಬೀಳುತ್ತವೆ, ನೀರಲ್ಲಿರುವ ಸಾಲ್ಮನ್ ಮೀನು ಅವನ್ನು ತಿಂದು ಜ್ಞಾನಿಯಾಗುತ್ತದೆ. ಬಾವಿಯ ಒಡೆಯ ನೆಕ್ತನ್ ಮತ್ತು ಅವನ ಮೂವರು ಪಾತ್ರೆಯಾಳುಗಳನ್ನು ಬಿಟ್ಟರೆ ಇನ್ಯಾರೂ ಹತ್ತಿರ ಸುಳಿಯುವಂತಿಲ್ಲ. ನೆಕ್ತನ್‌ನ ಹೆಂಡತಿ ಬೋವನ್ ‘ನನಗೇಕೆ ಇಲ್ಲ?’ ಎಂದು ಹೊರಟೇಬಿಟ್ಟಳು. ಮೂರು ಸುತ್ತು ಬಂದಳು, ಅದೂ ಎಡಗಡೆಯಿಂದ. ಮೂರು ಅಲೆಗಳೆದ್ದು ಅವಳ ತೊಡೆ, ಕೈ, ಕಣ್ಣು ಕಿತ್ತವು. ಅವಳು ಸಮುದ್ರದ ಕಡೆ ಓಡಿದಳು, ನೀರು ಬೆನ್ನಟ್ಟಿತು, ಆ ಹರಿವೇ ಬಾಯ್ನ್ ನದಿಯಾಯಿತು. ಬಾಯ್ನ್ ಹುಟ್ಟುವುದು ಕಿಲ್ಡೇರ್ ಕೌಂಟಿಯ ಕಾರ್ಬರಿ ಬಳಿ. ಮೂಲದ ಒರತೆಗೆ ಈಗ ‘ಟ್ರಿನಿಟಿ ಬಾವಿ’ ಎಂಬ ಕ್ರೈಸ್ತ ಹೆಸರು. ಕ್ರಿ.ಶ. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ಈ ನದಿಯನ್ನು ‘ಬುವಿಂದ’ ಎಂದು ದಾಖಲಿಸಿದ್ದ. ‘ಬಿಳಿ ಹಸು’ ಎಂದು ಅದರ ಅರ್ಥ. ಅದರಲ್ಲಿರುವ ಐರಿಶ್‌ನ ‘ಬೋ’, ನಮ್ಮ ‘ಗೋವು’ ಕೂಡ ನೆಂಟರೇ. ಗಂಡಸರಿಗಷ್ಟೇ ಮೀಸಲಾದ ಬಾವಿಯ ಬಳಿ ಹೋದದ್ದಕ್ಕೆ ಹೆಂಗಸೊಬ್ಬಳಿಗೆ ಸಿಕ್ಕ ಶಿಕ್ಷೆ ಎಂದು ಇದನ್ನು ಓದುವವರಿದ್ದಾರೆ. ನನಗೇನೋ, ಆ ಒಡೆಯನ ಹೆಸರು ಇವತ್ತು ಯಾರ ನಾಲಗೆಯಲ್ಲೂ ಇಲ್ಲ, ಇಡೀ ನದಿ ಅವಳ ಹೆಸರಲ್ಲಿದೆ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಕಥೆ ಬಿಟ್ಟು ಚರಿತ್ರೆಗೆ ಬರೋಣ. ಪ್ರವಾಸೋದ್ಯಮದ ಕರಪತ್ರಗಳಲ್ಲಿ ‘ಸಾವಿರಾರು ವರ್ಷಗಳಿಂದ ಅವಿಚ್ಛಿನ್ನವಾಗಿ’ ಎಂಬ ಮಾತು ಧಾರಾಳವಾಗಿ ಸಿಗುತ್ತದೆ. ಒಂದೊಂದು ಬಾವಿಯ ಮಟ್ಟಿಗೆ ಅದನ್ನು ಸಾಬೀತು ಮಾಡುವುದು ಬಲು ಕಷ್ಟ; ಒರತೆಯ ಸುತ್ತಲಿನ ಕಲ್ಲುಕಟ್ಟಡ ಹೆಚ್ಚಿನ ಕಡೆ ಈಚಿನದು. ಆದರೆ ಬಾವಿಯನ್ನು ಪೂಜಿಸುವ ಪದ್ಧತಿ ಕ್ರೈಸ್ತ ಧರ್ಮಕ್ಕಿಂತ ಹಿಂದೆ ಇತ್ತು ಎನ್ನಲು ಒಂದು ಒಳ್ಳೆಯ ಸಾಕ್ಷಿಯಿದೆ. ಏಳನೇ ಶತಮಾನದ ಕೊನೆಯ ಭಾಗದಲ್ಲಿ ತೀರೆಖಾನ್ ಎಂಬ ಬಿಷಪ್ ಸಂತ ಪ್ಯಾಟ್ರಿಕ್‌ನ ಸಂಚಾರದ ಬಗ್ಗೆ ಬರೆದ. ಅದರಲ್ಲಿ ‘ಸ್ಲಾನ್’ ಎಂಬ ಬಾವಿ ಬರುತ್ತದೆ. ಸ್ಲಾನ್ ಎಂದರೆ ಆರೋಗ್ಯ. ಡ್ರೂಯಿಡ್ ಪೂಜಾರಿಗಳು ಅದನ್ನು ದೇವರಂತೆ ಕಂಡು ಕಾಣಿಕೆ ಒಪ್ಪಿಸುತ್ತಿದ್ದರು, ‘ನೀರುಗಳ ರಾಜ’ ಎಂದು ಕರೆಯುತ್ತಿದ್ದರು. ಬಾವಿಯ ಮೇಲೊಂದು ಚೌಕ ಬಂಡೆ. ಅದರಡಿ ಒಬ್ಬ ಜ್ಞಾನಿಯ ಮೂಳೆಗಳಿವೆ ಎಂದು ಪ್ರತೀತಿ. ಪ್ಯಾಟ್ರಿಕ್ ಬಂಡೆ ಎತ್ತಿಸಿ ನೋಡಿದ. ಒಳಗೆ ನೀರು ಬಿಟ್ಟು ಬೇರೇನೂ ಇರಲಿಲ್ಲ. ಗಮನಿಸಿ, ಅವನು ಬಾವಿ ಮುಚ್ಚಿಸಿದ ಎಂದು ಕಥೆ ಹೇಳುವುದಿಲ್ಲ. ಸಂತ ಕೊಲಮ್‌ಕಿಲ್‌ನ ಬಗ್ಗೆಯೂ ಇಂಥದೇ ಕಥೆಯನ್ನು ಅವನ ಚರಿತ್ರೆ ಬರೆದ ಅದೊಮ್ನಾನ್ ಹೇಳುತ್ತಾನೆ. ಸ್ಕಾಟ್ಲೆಂಡಿನಲ್ಲಿ ಜನ ಹೆದರಿ ಪೂಜಿಸುತ್ತಿದ್ದ ಒರತೆಯೊಂದನ್ನು ಅವನು ಹರಸಿದ. ಅಲ್ಲಿಂದ ಮುಂದೆ ಅದೇ ನೀರು ಕಾಯಿಲೆ ಗುಣ ಮಾಡಿತು. ಹೆಸರು ಬದಲಾಯಿತು, ನೀರು ಅದೇ.

ಹೀಗೆ ಬಾವಿಗಳು ಸಂತರ ಪಾಲಾದವು. ಅತಿ ಹೆಚ್ಚು ಪ್ರೀತಿ ಗಳಿಸಿದವಳು ಬ್ರಿಜಿಡ್. ಅವಳ ಹಬ್ಬ ಫೆಬ್ರವರಿ 1, ಹಳೆಯ ಐರಿಶ್ ಪಂಚಾಂಗದಲ್ಲಿ ವಸಂತದ ಮೊದಲ ದಿನ. 2023ರಿಂದ ಐರ್ಲೆಂಡ್ ಸರ್ಕಾರ ಅವಳ ಹೆಸರಲ್ಲಿ ಸಾರ್ವಜನಿಕ ರಜೆಯನ್ನೂ ಕೊಡುತ್ತಿದೆ. (ಒಂದು ತಮಾಷೆ: ಲಂಡನ್ನಿನಲ್ಲಿಯೂ ಬ್ರಿಜಿಡ್‌ಳ ಬಾವಿಯೊಂದಿತ್ತು. ಅದರ ಪಕ್ಕ ಕಟ್ಟಿದ ‘ಬ್ರೈಡ್‌ವೆಲ್’ ಅರಮನೆ 1550ರ ದಶಕದಲ್ಲಿ ಸೆರೆಮನೆಯಾಯಿತು. ಕ್ರಮೇಣ ಯಾವ ಊರಿನ ಲಾಕಪ್ಪಿಗೂ ಬ್ರೈಡ್‌ವೆಲ್ ಎನ್ನುವ ರೂಢಿಯೇ ಬಂತು. ಡಬ್ಲಿನ್ನಿನ ಬ್ರೈಡ್‌ವೆಲ್ ಪೊಲೀಸ್ ಠಾಣೆ ಕರುಣಾಮಯಿ ಸಂತಳ ಹೆಸರಲ್ಲಿ ಕಳ್ಳರನ್ನು ಕೂಡಿಹಾಕುತ್ತಿದೆ.) ಪಶ್ಚಿಮದ ಕ್ಲೇರ್ ಕೌಂಟಿಯಲ್ಲಿ, ಹೆಸರಾಂತ ಮೋಹರ್ ಕಡಿದುಗಳ ಹತ್ತಿರ, ಲಿಸ್ಕ್ಯಾನರ್ ಎಂಬಲ್ಲಿ ಬ್ರಿಜಿಡ್‌ಳ ಒಂದು ಬಾವಿಯಿದೆ. ಒರತೆಗೆ ಹೋಗಲು ಕಿರಿದಾದ ಓಣಿಯಂಥ ಕಟ್ಟಡ. ಅದರ ಎರಡೂ ಗೋಡೆಗಳ ತುಂಬ ಪ್ರತಿಮೆ, ಜಪಮಾಲೆ, ಚೀಟಿ, ಮತ್ತು ಫೋಟೋಗಳು. ತೀರಿಹೋದ ಅಪ್ಪ, ಅಪಘಾತದಲ್ಲಿ ಹೋದ ಮಗ, ಆಸ್ಪತ್ರೆಯಲ್ಲಿರುವ ಮಗು. ಓಣಿಯ ಕೊನೆಗೆ ಅರೆಗತ್ತಲಲ್ಲಿ ನೀರು ಬೀಳುವ ಸದ್ದು. ಜುಲೈ ಕೊನೆಯ ಹಬ್ಬಕ್ಕೆ ಆರನ್ ದ್ವೀಪಗಳ ಜನ ಸಮುದ್ರ ದಾಟಿ ಇಲ್ಲಿಗೆ ಬರುತ್ತಿದ್ದರು, ರಾತ್ರಿಯೆಲ್ಲ ಜಾಗರಣೆ ಮಾಡುತ್ತಿದ್ದರು.

ಬಾವಿಯ ಜಾತ್ರೆಗೆ ಅವರು ‘ಪ್ಯಾಟರ್ನ್’ ಎನ್ನುತ್ತಾರೆ. ‘ಪೇಟ್ರನ್’, ಅಂದರೆ ಊರನ್ನು ಕಾಯುವ ಸಂತ, ಎಂಬ ಪದ ಸವೆದು ಆದ ರೂಪ ಇದು. ಬೆಳಿಗ್ಗೆ ಹರಕೆ, ಸುತ್ತು. ಮಧ್ಯಾಹ್ನದ ಮೇಲೆ ಅಂಗಡಿ, ಕುಣಿತ, ಪಿಟೀಲು, ಹೆಂಡ. ಸಂಜೆಗೆ ಎರಡು ಗುಂಪುಗಳ ಬಡಿದಾಟ. ಜಾತ್ರೆ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಜೋಸೆಫ್ ಪೀಕಾಕ್ ಎಂಬ ಚಿತ್ರಕಾರ ಗ್ಲೆಂಡಲಾಕ್‌ನ ಜಾತ್ರೆಯನ್ನು 1813ರಲ್ಲಿ ಚಿತ್ರಿಸಿದ್ದಾನೆ: ಪಾಳುಬಿದ್ದ ಚರ್ಚುಗಳ ನಡುವೆ ಗುಡಾರಗಳು, ಕಾಲಿಡಲು ಜಾಗವಿಲ್ಲದಷ್ಟು ಜನ.

ಇದನ್ನು ನಿಲ್ಲಿಸಲು ಯತ್ನಿಸದವರೇ ಇಲ್ಲ. 1660ರಲ್ಲಿ ಕ್ಯಾಥೊಲಿಕ್ ಪಾದ್ರಿಗಳೇ ಟೂಮ್ ಎಂಬಲ್ಲಿ ಸಭೆ ಸೇರಿ, ಬಾವಿಗಳ ಬಳಿ ಕುಣಿತ, ವಾದ್ಯ, ಗದ್ದಲ ಕೂಡದು ಎಂದು ಅಪ್ಪಣೆ ಹೊರಡಿಸಿದರು. 1704ರಲ್ಲಿ ಪ್ರಾಟೆಸ್ಟೆಂಟ್ ಆಡಳಿತ ಕಾನೂನನ್ನೇ ತಂದಿತು. ಬಾವಿಯ ಬಳಿ ಸೇರುವುದೇ ಅಪರಾಧ. ಸಿಕ್ಕಿಬಿದ್ದರೆ 10 ಶಿಲಿಂಗ್ ದಂಡ, ಕಟ್ಟಲಾಗದಿದ್ದರೆ ಎಲ್ಲರೆದುರು ಛಡಿಯೇಟು. ಅಲ್ಲಿ ಅಂಗಡಿ ಹಾಕಿದವನಿಗೆ 20 ಶಿಲಿಂಗ್. ಚರ್ಚುಗಳನ್ನು ಕಳೆದುಕೊಂಡಿದ್ದ ಬಡ ಕ್ಯಾಥೊಲಿಕರಿಗೆ ಬಯಲ ಬಂಡೆಯೇ ಬಲಿಪೀಠ, ಒರತೆಯೇ ಗುಡಿ. ಸ್ಲೈಗೊ ಬಳಿಯ ಟೋಬರ್‌ನಾಲ್ಟ್ ಬಾವಿಯಲ್ಲಿ ಕದ್ದುಮುಚ್ಚಿ ಪೂಜೆ ನಡೆಸಿದ ಬಂಡೆ ಇಂದಿಗೂ ಇದೆ. ಜುಲೈ ಕೊನೆಯ ಭಾನುವಾರ ನಸುಕಿನಲ್ಲೇ ಜನ ಅಲ್ಲಿ ಸೇರುತ್ತಾರೆ. 1836ರಲ್ಲಿ ಫಿಲಿಪ್ ಡಿಕ್ಸನ್ ಹಾರ್ಡಿ ಎಂಬಾತ ಈ ಬಾವಿಗಳ ಮೂಢನಂಬಿಕೆಯನ್ನು ಬಯಲಿಗೆಳೆಯಲು ಪುಸ್ತಕವನ್ನೇ ಬರೆದ. ಈಗ ಹಳೆಯ ಆಚರಣೆಗಳ ವಿವರ ಬೇಕಾದವರು ಹುಡುಕಿಕೊಂಡು ಹೋಗುವುದು ಅದನ್ನೇ! ಕೊನೆಗೆ ಹತ್ತೊಂಬತ್ತನೇ ಶತಮಾನದ ಶಿಸ್ತಿನ ಕ್ಯಾಥೊಲಿಕ್ ಚರ್ಚೇ ಜಾತ್ರೆಗಳ ಬೆನ್ನು ಮುರಿಯಿತು. ಪೀಕಾಕ್ ಬರೆದ ಗ್ಲೆಂಡಲಾಕ್ ಜಾತ್ರೆಯನ್ನು 1862ರಲ್ಲಿ ಕಾರ್ಡಿನಲ್ ಕಲೆನ್ ನಿಲ್ಲಿಸಿದರು.

ಯಾವ ಕಾನೂನೂ ಮಾಡದ ಹಾನಿಯನ್ನು ಹಸಿವು ಮಾಡಿತು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಬಾವಿಗೆ ಗ್ರಂಥವಿಲ್ಲ, ಅರ್ಚಕರಿಲ್ಲ. ಎಷ್ಟು ಸುತ್ತು, ಯಾವ ಕಲ್ಲಿನ ಬಳಿ ಯಾವ ಪ್ರಾರ್ಥನೆ ಎಂಬುದು ಊರಿನ ಹಿರಿಯರ ನೆನಪಿನಲ್ಲಿತ್ತು. ಆ ಊರೇ ಖಾಲಿಯಾದರೆ ಹೇಳಿಕೊಡುವವರು ಯಾರು?

ಉಳಿದದ್ದನ್ನು ಉಳಿಸಿಕೊಟ್ಟವರು ಮಕ್ಕಳು. ಈ ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 1937ರಿಂದ 1939ರ ನಡುವೆ ಐರಿಶ್ ಜಾನಪದ ಆಯೋಗ ಒಂದು ಸರಳ ಕೆಲಸ ಮಾಡಿತು. ಪ್ರಾಥಮಿಕ ಶಾಲೆಯ ದೊಡ್ಡ ತರಗತಿಯ ಮಕ್ಕಳಿಗೆ ಪ್ರಬಂಧದ ಹೋಂವರ್ಕ್ ಬದಲು, ‘ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ’ ಎಂದಿತು. ಕೊಟ್ಟ ವಿಷಯಗಳಲ್ಲಿ ಪುಣ್ಯಬಾವಿಯೂ ಒಂದು. ಸುಮಾರು 5,000 ಶಾಲೆಗಳು, 50,000 ಮಕ್ಕಳು, ಲಕ್ಷಾಂತರ ಪುಟ. ಇವತ್ತು ಅದೆಲ್ಲ ಅಂತರ್ಜಾಲದಲ್ಲಿದೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ದುಂಡು ಅಕ್ಷರ, ಕೆಳಗೆ ಕಥೆ ಹೇಳಿದ ಹಿರಿಯರ ಹೆಸರು. ಆ ಪುಟಗಳಲ್ಲಿ ಬಾವಿ ಒಂದು ಜೀವಂತ ಪ್ರಾಣಿ. ಅದರ ನೀರು ಒಲೆಯ ಮೇಲಿಟ್ಟರೆ ಕುದಿಯುವುದಿಲ್ಲ. ಯಾರೋ ಹೆಂಗಸು ಕೊಳೆಬಟ್ಟೆ ಒಗೆದಳೆಂದು ರಾತ್ರೋರಾತ್ರಿ ಎದ್ದು ಗುಡ್ಡದಾಚೆ ಹೋಗಿಬಿಡುತ್ತದೆ. ಅದರಲ್ಲೊಂದು ಟ್ರೌಟ್ ಮೀನಿದೆ, ಕಣ್ಣಿಗೆ ಬಿದ್ದರೆ ಕಾಯಿಲೆ ಗುಣ. ಯಾರೋ ಪುಣ್ಯಾತ್ಮ ಅದನ್ನು ಹಿಡಿದು ಕೆಂಡದ ಮೇಲಿಟ್ಟನಂತೆ. ಅದು ಹಾರಿ ಬಾವಿಗೆ ಬಿತ್ತಂತೆ. ಮೈಮೇಲೆ ಕಂಬಿಯ ಬರೆ ಈಗಲೂ ಇದೆಯಂತೆ.

ಕಾಯಿಲೆ ನಿಜಕ್ಕೂ ಗುಣವಾಗುತ್ತಿತ್ತೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಕೆರ್ರಿ ಕೌಂಟಿಯಲ್ಲಿ ‘ಹುಚ್ಚರ ಕಣಿವೆ’ ಎಂಬ ಜಾಗವಿದೆ. ಅಲ್ಲಿನ ಬಾವಿಯ ನೀರು ಕುಡಿದು, ಅದರಲ್ಲಿ ಬೆಳೆಯುವ ಸೊಪ್ಪು ತಿಂದರೆ ಚಿತ್ತ ಸ್ವಸ್ಥವಾಗುತ್ತದೆ ಎಂದು ನಂಬಿಕೆ. ನೀರನ್ನು ಪರೀಕ್ಷಿಸಿದಾಗ ಲಿಥಿಯಂ ಅಂಶ ಕಂಡಿತು. ಮನೋರೋಗಕ್ಕೆ ವೈದ್ಯರು ಕೊಡುವ ಔಷಧಿ ಅದೇ ಆದ್ದರಿಂದ ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಸಿಕ್ಕ ಪ್ರಮಾಣ ಔಷಧಿಯ ಒಂದು ಗುಳಿಗೆಯ ಮುಂದೆ ಏನೇನೂ ಅಲ್ಲ. ಒಂದೊಂದು ಕಡೆ ‘ಕಣ್ಣಿನ ಬಾವಿ’ಗಳಿವೆ; ಹೊಗೆ ತುಂಬಿದ ಗುಡಿಸಲಲ್ಲಿ ಬದುಕಿದವರಿಗೆ ತಣ್ಣೀರಿನಲ್ಲಿ ಕಣ್ಣು ತೊಳೆದರೆ ಹಾಯೆನಿಸಿದ್ದರೆ ಆಶ್ಚರ್ಯವಿಲ್ಲ. ಅಷ್ಟಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಿಲ್ಲ.

ಒಂದು ಕಾಯಿಲೆಗೆ ಮಾತ್ರ ಬಾವಿಯಲ್ಲಿ ಔಷಧಿ ಇದ್ದಂತಿಲ್ಲ. ಅದಕ್ಕೆ ಅವರು ಕಲ್ಲನ್ನು ಹುಡುಕಿಕೊಂಡರು. ಡೂನ್ ಬಾವಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಗಾರ್ಟನ್ ಇದೆ. ಆಗಲೇ ಹೇಳಿದ ಸಂತ ಕೊಲಮ್‌ಕಿಲ್ 521ರಲ್ಲಿ ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ. 563ರಲ್ಲಿ ಅವನು ಐರ್ಲೆಂಡ್ ಬಿಟ್ಟು ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೋದ, ಅಲ್ಲೇ 597ರಲ್ಲಿ ಕಣ್ಮುಚ್ಚಿದ. ಗಾರ್ಟನ್‌ನಲ್ಲಿ ಅವನ ಹೆಸರಿನ ಬಾವಿಯಿದೆ, ಜೂನ್ 9ರಂದು ಜನ ಸುತ್ತು ಬರುತ್ತಾರೆ. ಅಲ್ಲಿಯೇ ಹೊಲದಲ್ಲಿ ಒಂದು ಚಪ್ಪಡಿ ಕಲ್ಲಿದೆ, ಮೇಲ್ಮೈ ತುಂಬ ಬಟ್ಟಲಿನಂಥ ಸಣ್ಣ ಗುಳಿಗಳು, ಅವು ಸಂತನಿಗಿಂತ ಎಷ್ಟೋ ಹಳೆಯವು. ಕಲ್ಲಿನ ಹೆಸರು ‘ಒಂಟಿತನದ ಚಪ್ಪಡಿ’. ಪರದೇಶಕ್ಕೆ ಹೊರಟವರು ಹಿಂದಿನ ರಾತ್ರಿ ಬಂದು ಅದರ ಮೇಲೆ ಮಲಗುತ್ತಿದ್ದರು. ಹಾಗೆ ಮಲಗಿದರೆ ಮುಂದೆ ಊರಿನ ನೆನಪು ಅಷ್ಟಾಗಿ ಕಾಡುವುದಿಲ್ಲ ಎಂದು ನಂಬಿಕೆ. ದಾದರಿನಲ್ಲೋ ಮೈಲಾಪುರದಲ್ಲೋ ಕರೋಲ್‌ಬಾಗಿನಲ್ಲೋ ಕುಳಿತು ಇದನ್ನು ಓದುತ್ತಿರುವ ನಿಮಗೆ ಆ ಕಾಯಿಲೆಯ ಲಕ್ಷಣಗಳನ್ನು ನಾನು ವಿವರಿಸಬೇಕಿಲ್ಲ.

ಹೋಗುವವರು ಗಾರ್ಟನ್‌ನ ಮಣ್ಣನ್ನೂ ಒಂದು ಚಿಟಿಕೆ ಕಟ್ಟಿಕೊಳ್ಳುತ್ತಿದ್ದರು. ಅದು ಜೊತೆಗಿದ್ದರೆ ನೀರಲ್ಲಿ ಮುಳುಗುವ ಭಯವಿಲ್ಲವಂತೆ. ಬೆಳಗಾದ ಮೇಲೆ ಡೆರಿ ಬಂದರಿನ ದಾರಿ, ಅಲ್ಲಿಂದ ಅಮೆರಿಕಕ್ಕೆ ಹಡಗು. ಈಗ ಹಾಗೆ ಹೊರಡುವವರು ವಿಮಾನ ಹತ್ತುತ್ತಾರೆ. ಕಲ್ಲಿನ ಗುಳಿಗಳಲ್ಲಿ ಮಳೆನೀರು ನಿಂತಿರುತ್ತದೆ. ಬಂದವರು ಅದರೊಳಗೆ ಒಂದೊಂದು ನಾಣ್ಯ ಇಟ್ಟು ಹೋಗುತ್ತಾರೆ.